ಬಾಯಾರ ಸದ್ದಿಲ್ಲದ ಕಾರು

ಹೋದ ವಾರ ಒಂದು ಗೇರ್‌ಬಾಕ್ಸಿನ ಬೇರಿಂಗ್ ತರಲು ಬೈಲಹೊಂಗಲಕ್ಕೆ ಹೋಗಿದ್ದೆ. ಅಂಗಡಿಯವನು ಗೋದಾಮಿನಿಂದ ತರಿಸಬೇಕು, ಸ್ವಲ್ಪ ತಡೆಯಿರಿ ಎಂದ. ಸುಮ್ಮನೆ ನಿಲ್ಲಲಾಗದೆ ಹಿಂದಿನ ಓಣಿಯಲ್ಲಿ ಅಡ್ಡಾಡಿದೆ. ಅಲ್ಲೊಬ್ಬ ಹೆಂಗಸು ಬಾಗಿಲ ಮುಂದೆ ನೀರೊಲೆ ಹೊತ್ತಿಸಿ, ಕಾಳು ಬಿಡಿಸಿದ ಗೋವಿನಜೋಳದ ದಿಂಡುಗಳನ್ನು ಒಂದೊಂದಾಗಿ ಒಲೆಗೆ ಒಡ್ಡುತ್ತಿದ್ದಳು. ಆ ಹೊಗೆಗೆ ಒಂದು ಸಣ್ಣ ಸಿಹಿ ವಾಸನೆ ಇರುತ್ತದೆ, ಹಂಚಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಉಳಿದ ರೊಟ್ಟಿಯ ಹಾಗೆ. ಬೇರೆಯವರಿಗೆ ಹಸಿವಾದೀತು. ನನಗೆ ಹೊಟ್ಟೆ ಉರಿಯಿತು. ಹೊಟ್ಟೆಕಿಚ್ಚು ಎಂಬ ಮಾತನ್ನು ಯಾರು ಮೊದಲು ಆಡಿದರೋ, ಅವರು ಅನುಭವಿಸಿಯೇ ಆಡಿದ್ದಾರೆ. ನನಗೆ ಅದು ಎದೆಯಲ್ಲಿ ಆಗುವುದಿಲ್ಲ, ತಲೆಯಲ್ಲಿ ಆಗುವುದಿಲ್ಲ, ಹೊಟ್ಟೆಯಲ್ಲೇ ಆಗುತ್ತದೆ. ಮೂರು ವರ್ಷದ ಹಿಂದೆ ಒಂದಿಡೀ ಮಳೆಗಾಲ ಹಾಗೇ ಆಗಿತ್ತು.

ನಮ್ಮ ಗ್ಯಾರೇಜು ಮುನವಳ್ಳಿಯಲ್ಲಿ, ಸವದತ್ತಿಗೆ ಹೋಗುವ ರಸ್ತೆಯ ಮೇಲಿದೆ. ನಮ್ಮ ಎಂದರೆ ಆಗ ನನ್ನದು ಮತ್ತು ದಸ್ತಗೀರನದು. ದಸ್ತಗೀರ ಕಿತ್ತೂರಿನವನು. ಬೈಲಹೊಂಗಲದಲ್ಲಿ ಐಟಿಐ ಕಲಿಯುವಾಗ ಇಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ಕಲಿತು ಮುಗಿದ ಮೇಲೆ ಅವನನ್ನು ಊರಿಗೆ ಹೋಗಲು ಬಿಡದೆ ಮುನವಳ್ಳಿಗೆ ಕರೆತಂದವನು ನಾನೇ. ನನಗೆ ಹೆಣ್ಣು ನೋಡಲು ಹೋದಾಗ ಅವನು ಜೊತೆಗಿದ್ದ. ಅವನ ನಿಕಾಹದ ಅಡುಗೆಗೆ ನಾನು ನಿಂತಿದ್ದೆ. ಗಾಡಿಯ ಕೆಳಗೆ ಮಲಗಿ ದುರಸ್ತಿ ಮಾಡುವುದು ಅವನ ಕೆಲಸ, ಗಿರಾಕಿಗಳ ಜೊತೆ ಮಾತಾಡುವುದು ನನ್ನದು. ಸಂಜೆ ಇಬ್ಬರೂ ಕೈ ತೊಳೆದು, ಎದುರಿನ ಗಾಡಿಯಲ್ಲಿ ಮಿರ್ಚಿ ತಿಂದು, ಒಂದೇ ಬೈಕಿನ ಮೇಲೆ ಮನೆಗೆ ಹೋಗುತ್ತಿದ್ದೆವು. ಇದಕ್ಕೆ ಗೆಳೆತನ ಎಂಬ ಹೆಸರಿದೆಯೆಂದು ನಾವು ಯಾವತ್ತೂ ಆಡಿಕೊಂಡವರಲ್ಲ.

ಆ ವರ್ಷ ಮಳೆ ಜಿಟಿಜಿಟಿ ಹಿಡಿದು ಬಿಡಲೇ ಇಲ್ಲ. ಮಲಪ್ರಭೆಯ ಹಿನ್ನೀರು ದಿನಕ್ಕಿಷ್ಟು ಏರುತ್ತಿತ್ತು. ಎರೆಮಣ್ಣು ಟೈರಿಗೆ ಮೆತ್ತಿಕೊಂಡು ಬಂದ ಗಾಡಿಗಳಿಂದ ಗ್ಯಾರೇಜಿನ ನೆಲವೆಲ್ಲ ಕರಿ ರಾಡಿ. ಶ್ರಾವಣದ ಒಂದು ಮುಂಜಾನೆ ಒಂದು ಟ್ರ್ಯಾಕ್ಟರು ಹಳೆಯ ಸಣ್ಣ ಕಾರೊಂದನ್ನು ಎಳೆದುಕೊಂಡು ಬಂದು ನಮ್ಮ ಮುಂದೆ ನಿಂತಿತು. ಕಾರಿನೊಳಗೆ ಸ್ಟೇರಿಂಗ್ ಹಿಡಿದು ನೆಟ್ಟಗೆ ಕುಳಿತಿದ್ದವರು ಸುಮಿತ್ರಾ ಬಾಯಾರು.

ನಮ್ಮ ಕಡೆ ಟೀಚರಮ್ಮನಿಗೆ ಬಾಯಾರು ಎನ್ನುತ್ತಾರೆ. ಇವರು ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಅವರ ಮೆಚ್ಚಿನ ವಿದ್ಯಾರ್ಥಿ ಆಗಬೇಕೆಂದು ನನಗೆ ಬಹಳ ಆಸೆಯಿತ್ತು. ಆಗಲಿಲ್ಲ. ಒಂದು ಸಲ ಮಾತ್ರ ನನ್ನ ವಹಿಯಲ್ಲಿದ್ದ ಕೈಪಂಪಿನ ಚಿತ್ರ ನೋಡಿ "ಛಲೋ ತಗದಿ" ಎಂದಿದ್ದರು. ಈಗ ಅವರು ನಿವೃತ್ತರಾಗಿ, ಗಂಡನನ್ನು ಕಳೆದುಕೊಂಡು, ಊರಲ್ಲೇ ಒಬ್ಬರೇ ಇದ್ದರು. ನಾನು ಓಡಿಹೋಗಿ ಕಾರಿನ ಬಾಗಿಲು ತೆರೆದೆ.

"ಶಿವಾನಂದ ಅಲ್ಲ ನೀ?"

"ಹೌದ್ರಿ ಬಾಯಾರ. ಬರ್ರಿ, ಒಳಗ ಕುಂದರ್ರಿ."

"ಈ ಕಾರು ನಮ್ಮ ಮನಿಯವರದು. ಅವರು ಹೋದ ಮ್ಯಾಲೆ ನಿಂತಲ್ಲೇ ನಿಂತೈತಿ. ಇದರ ಇಂಜಿನ್ ತಗದು ಬ್ಯಾರೆ ಇಂಜಿನ್ ಹಾಕೂದೈತಿ."

"ಡೀಸೆಲ್ ಹಾಕೂಣೇನ್ರಿ?"

"ಡೀಸೆಲ್ ಅಲ್ಲ, ಬ್ಯಾಟರಿನೂ ಅಲ್ಲ. ಒಂದು ಚಹಾ ತರಸು, ಹೇಳತೇನಿ. ಕುದಿಯೂದು ಇರಬೇಕು ನೋಡು."

ಚಹಾ ಬಂತು. ಬಾಯಾರು ಅದನ್ನು ಕುಡಿಯಲಿಲ್ಲ. ಕೈಚೀಲದಿಂದ ಅಂಗೈಯಗಲದ ಒಂದು ಆಟಿಕೆಯಂಥ ವಸ್ತು ತೆಗೆದರು. ಕೆಳಗೊಂದು ತಗಡಿನ ಬಿಲ್ಲೆ, ಮೇಲೊಂದು ಬಿಲ್ಲೆ, ನಡುವೆ ಗಾಳಿ, ಅದರ ಮೇಲೊಂದು ತೆಳು ಚಕ್ರ. ಅದನ್ನು ಚಹಾದ ಗ್ಲಾಸಿನ ಬಾಯಿಯ ಮೇಲಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ಚಕ್ರವನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದರು. ಅದು ತಿರುಗತೊಡಗಿತು. ಸದ್ದೇ ಇಲ್ಲ.

ನಮ್ಮ ಗ್ಯಾರೇಜಿನ ಜೀಪಿನ ಕೆಳಗಿದ್ದ ದಸ್ತಗೀರ ಯಾವಾಗ ಹೊರಗೆ ಬಂದನೋ ಗೊತ್ತಿಲ್ಲ. ಗ್ಲಾಸಿನ ಮುಂದೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟಿದ್ದ.

"ಇದರಾಗ ಎಣ್ಣಿ ಎಲ್ಲೈತ್ರಿ ಬಾಯಾರ?"

"ಇಲ್ಲ."

"ಕಿಡಿ?"

"ಅದೂ ಇಲ್ಲ. ಒಳಗಿನ ಗಾಳಿ ಬಿಸಿ ಆದ್ರ ಉಬ್ಬತೈತಿ, ತಣ್ಣಗ ಆದ್ರ ಕುಗ್ಗತೈತಿ. ಉಬ್ಬಿದಾಗ ದೂಡತೈತಿ, ಕುಗ್ಗಿದಾಗ ಎಳೀತೈತಿ. ಆ ಗಾಳಿ ಹೊರಗ ಹೋಗೂದ ಇಲ್ಲ, ಒಳಗ ಅತ್ತ ಇತ್ತ ಓಡ್ಯಾಡತೈತಿ. ಬೆಂಕಿ ಇರೂದು ಹೊರಗ. ಇದಕ್ಕ ಸ್ಟರ್ಲಿಂಗ್ ಇಂಜಿನ್ ಅಂತಾರ."

ದಸ್ತಗೀರ ಕಣ್ಣು ಕೀಳದೆ ಕೇಳಿದ: "ಬೆಂಕಿ ಹೊರಗ ಇದ್ರ, ಯಾವ ಬೆಂಕಿ ಆದ್ರೂ ನಡೀತೈತೇನ್ರಿ ಹಂಗಾರ? ಕಟ್ಟಿಗಿ? ದಿಂಡು?"

ಬಾಯಾರು ತಮ್ಮ ಕುರ್ಚಿಯನ್ನು ಸ್ವಲ್ಪ ಅವನ ಕಡೆ ತಿರುಗಿಸಿಕೊಂಡರು. ಬೇಕೆಂದು ಮಾಡಿದ್ದಲ್ಲ. ನಾನು ಮಾತ್ರ ನೋಡಿದೆ.

"ಯಾವುದಾದ್ರೂ ನಡೀತೈತಿ" ಎಂದರು. "ಕಾಲೇಜಿನಾಗ ನಾ ಓದೂವಾಗ ಪುಸ್ತಕದಾಗ ಇದರದು ಒಂದ ಪುಟ ಇತ್ತು. ನಮ್ಮ ಸರ್ ಅದನ್ನ ಬಿಟ್ಟು ಮುಂದ ಹೋದ್ರು. ಇದು ಪರೀಕ್ಷೆಗೆ ಬರೂದಿಲ್ಲ ಅಂದ್ರು. ಅವತ್ತಿಂದ ನನಗ ಇದನ್ನ ಓಡಸಿ ನೋಡಬೇಕು ಅಂತೈತಿ."

ನಾನು ನಡುವೆ ಬಾಯಿ ಹಾಕಿ, "ಬಾಯಾರ, ಚಹಾದ ಮ್ಯಾಲೆ ಚಕ್ರ ತಿರಗೂದು ಬ್ಯಾರೆ, ರಸ್ತೆ ಮ್ಯಾಲೆ ಕಾರ್ ಓಡೂದು ಬ್ಯಾರೆ" ಎಂದೆ.

"ಅದಕ್ಕ ನಿಮ್ಮ ಕಡೆ ಬಂದೇನಿ" ಎಂದರು. ನಿಮ್ಮ ಎಂದರು, ನೋಡಿದ್ದು ದಸ್ತಗೀರನನ್ನು.

ಚಕ್ರ ಮೆಲ್ಲಮೆಲ್ಲಗೆ ನಿಧಾನವಾಗಿ, ಕೊನೆಗೆ ನಿಂತಿತು. ಅಷ್ಟರಲ್ಲಿ ದಸ್ತಗೀರನ ಗ್ಲಾಸಿನ ಚಹಾದ ಮೇಲೂ ಕೆನೆ ಕಟ್ಟಿತ್ತು. ಅವನು ಚಹಾ ಕುಡಿಯದೆ ಆರಲು ಬಿಟ್ಟದ್ದನ್ನು ನಾನು ಅವತ್ತೇ ಮೊದಲು ಕಂಡೆ.

ಗ್ಯಾರೇಜಿನ ಹಿಂದಿನ ತಗಡಿನ ಶೆಡ್ಡು ಅವರ ಜಾಗವಾಯಿತು. ಹಳೆಯ ಗಾಳಿ ಕಂಪ್ರೆಸರಿನ ಎರಡು ಸಿಲಿಂಡರುಗಳನ್ನು ತಂದರು. ಒಂದನ್ನು ಬಿಸಿ ಕಡೆಗೆ, ಒಂದನ್ನು ತಣ್ಣನೆಯ ಕಡೆಗೆ ಇಟ್ಟು ನಡುವೆ ಪೈಪು ಜೋಡಿಸಿದರು. ಗಾಳಿ ಬಿಸಿ ಕಡೆಯಿಂದ ತಣ್ಣನೆಯ ಕಡೆಗೆ ಬರುವಾಗ ತನ್ನ ಬಿಸಿಯನ್ನು ದಾರಿಯಲ್ಲಿ ಬಿಟ್ಟು ಬರಬೇಕು, ಹಿಂದಿರುಗುವಾಗ ಅದನ್ನೇ ಎತ್ತಿಕೊಂಡು ಹೋಗಬೇಕು. ಅದಕ್ಕಾಗಿ ಆ ಪೈಪಿನೊಳಗೆ ಪಾತ್ರೆ ತಿಕ್ಕುವ ಸ್ಟೀಲಿನ ನಾರು ತುರುಕಿದರು. ಅದಕ್ಕೆ ರಿಜನರೇಟರ್ ಎನ್ನುತ್ತಾರಂತೆ. ದಸ್ತಗೀರ ಆ ಹೆಸರನ್ನು ಒಂದಕ್ಷರ ತಪ್ಪದೆ ಹೇಳಲು ಕಲಿತ. ಬಾಯಾರು ದಿನಾ ಮಧ್ಯಾಹ್ನ ಕೊಡೆ ಹಿಡಿದು ಬರುವರು, ಶೆಡ್ಡಿನ ಬಾಗಿಲಿಗೆ ಸೀಮೆಸುಣ್ಣದಲ್ಲಿ ಚಿತ್ರ ತೆಗೆಯುವರು. ಅವನು ಅದನ್ನು ನೋಡಿ, "ಇಲ್ಲೆ ಗಾಳಿ ಸೋರತೈತ್ರಿ" ಎಂದು ಬೆರಳಿಡುವನು. ಅವರು ಅಳಿಸಿ ಬೇರೆ ತೆಗೆಯುವರು. ತಗಡಿನ ಮೇಲೆ ಮಳೆ ಬಡಿಯುವ ಸದ್ದಿಗೆ ಅವರ ಮಾತು ನನಗೆ ಪೂರ್ತಿ ಕೇಳಿಸುತ್ತಿರಲಿಲ್ಲ. ನಗೆ ಮಾತ್ರ ಕೇಳಿಸುತ್ತಿತ್ತು.

ನಾನು ಆಗಾಗ ಬಾಗಿಲಲ್ಲಿ ಹೋಗಿ ನಿಲ್ಲುತ್ತಿದ್ದೆ. "ಆಗೂದಿಲ್ಲ ಬಿಡ್ರಿ ಇದು" ಎನ್ನುತ್ತಿದ್ದೆ. ಬಾಯಾರು ಬೇಸರಪಡದೆ "ಯಾಕ ಆಗೂದಿಲ್ಲ ಹೇಳು?" ಎಂದು ಕೇಳುತ್ತಿದ್ದರು. ಗಿರಾಕಿ ಬಂದ ನೆವ ಹೇಳಿ ನಾನು ಹೊರಗೆ ಹೋಗುತ್ತಿದ್ದೆ.

ಸಂಜೆ ಕೈ ತೊಳೆದು ಕರೆದರೆ ದಸ್ತಗೀರ, "ನೀ ಮುಂದ ನಡಿ ಶಿವೂ, ಇದೊಂದು ವೆಲ್ಡಿಂಗ್ ಮುಗಿಸಿ ಬರತೇನಿ" ಎನ್ನುವನು. ಮಿರ್ಚಿ ಗಾಡಿಯವನು ಅಭ್ಯಾಸದಂತೆ ಎರಡು ಪ್ಲೇಟು ಇಡುವನು. ನಾನು ಎರಡನ್ನೂ ತಿಂದು ಹೋಗುವೆನು. ಮನೆಯಲ್ಲಿ ಊಟ ಸೇರದೆ ಕುಳಿತರೆ ನನ್ನ ಹೆಂಡತಿ ಗಿರಿಜಾ ಒಂದು ದಿನ ತಾಟು ಸರಿಸುತ್ತ ಹೇಳಿದಳು:

"ನಿಮಗ ಸವತಿ ಬಂದಂಗ ಆಗೇತಿ."

"ಏನರ ಮಾತಾಡಬ್ಯಾಡ."

"ಯಾರು ಸವತಿ ಅಂತ ತಿಳೀವಲ್ದು ನನಗ. ಬಾಯಾರನ್ನ ದಸ್ತಗೀರಣ್ಣ ಕಸಗೊಂಡನೋ, ದಸ್ತಗೀರಣ್ಣನ್ನ ಬಾಯಾರು ಕಸಗೊಂಡ್ರೋ?"

ಅವಳು ನಕ್ಕು ಒಳಗೆ ಹೋದಳು. ನಾನು ಅದನ್ನೇ ಯೋಚಿಸುತ್ತ ಕುಳಿತೆ. ನನಗೂ ತಿಳಿಯಲಿಲ್ಲ. ಎರಡೂ ಕಡೆ ಉರಿಯುತ್ತಿತ್ತು. ಒಂದು ಕಡೆ ನನ್ನ ಗುರು, ಇನ್ನೊಂದು ಕಡೆ ನನ್ನ ಗೆಳೆಯ. ಇಬ್ಬರನ್ನೂ ಒಬ್ಬರಿಗೊಬ್ಬರು ಪರಿಚಯ ಮಾಡಿಸಿದ ಗ್ಯಾರೇಜು ನನ್ನದು.

ಆಮೇಲೆ ನಾನೂ ಕಲಿಯಲು ಕುಳಿತೆ. ಮಗಳ ಫೋನಿನಲ್ಲಿ ಸ್ಟರ್ಲಿಂಗ್ ಇಂಜಿನ್ನಿನ ಕಾರಿನ ವಿಡಿಯೋಗಳನ್ನು ಹುಡುಕಿಸಿ ನೋಡಿದೆ. ಅರ್ಥವಾಗದ ಭಾಷೆಯಲ್ಲಿದ್ದದ್ದನ್ನು ಮಗಳು ಬಿಡಿಸಿ ಹೇಳಿದಳು. ಹೊರದೇಶದ ದೊಡ್ಡ ಕಾರು ಕಂಪನಿಗಳು ಹಿಂದೆಯೇ ಇದನ್ನು ಕಾರಿಗೆ ಹಾಕಿ ಓಡಿಸಿ ನೋಡಿ, ಕೈಬಿಟ್ಟಿದ್ದವು. ನನಗೆ ಆದ ಸಂತೋಷ ಹೇಳತೀರದು. ಮರುದಿನ ಶೆಡ್ಡಿಗೆ ಹೋಗಿ ನೇರವಾಗಿ ಹೇಳಿದೆ.

ಬಾಯಾರು ತಲೆಯಾಡಿಸಿದರು. "ಗೊತ್ತೈತಿ. ಯಾಕ ಬಿಟ್ರು?"

ಈ ಸಲ ಉತ್ತರ ನನ್ನ ಹತ್ತಿರ ಇತ್ತು. "ಕೀಲಿ ತಿರುವಿದ ಕೂಡಲೇ ಚಾಲೂ ಆಗೂದಿಲ್ರಿ, ಮೊದಲ ಕಾಯಬೇಕು. ಎಕ್ಸಲೇಟರ್ ಒತ್ತಿದ್ರ ಗಾಡಿ ಏಳೂದಿಲ್ಲ, ಬೆಂಕಿ ಹೆಚ್ಚಾದ ಮ್ಯಾಲೆ ಏಳತೈತಿ. ಉಳದ ಬಿಸಿ ಎಲ್ಲಾ ತಂಪು ಮಾಡೂ ನೀರಿಗೆ ಬರತೈತಿ, ಅದಕ್ಕ ರೇಡಿಯೇಟರ್ ದೊಡ್ಡದು ಬೇಕು. ಗಾಳಿ ಒತ್ತಿ ತುಂಬಿದ್ರ ಶಕ್ತಿ ಬರತೈತಿ, ಆದ್ರ ಸೀಲ್ ತಡಿಯೂದಿಲ್ಲ. ಮತ್ತ ತೂಕ."

"ಬರೋಬ್ಬರಿ" ಎಂದರು ಬಾಯಾರು. "ಒಂದೂ ತಪ್ಪಿಲ್ಲ."

ಆ ಒಂದು ಮಾತಿನಿಂದ ನಾನು ಒಂದು ಸಂಜೆ ಪೂರ್ತಿ ಹಗುರಾಗಿದ್ದೆ. ಮರುದಿನ ಹೋಗಿ ನೋಡಿದರೆ ಶೆಡ್ಡಿನ ಬಾಗಿಲ ಮೇಲೆ ನಾನು ಹೇಳಿದ ಅಷ್ಟೂ ದೋಷಗಳನ್ನು ಒಂದರ ಕೆಳಗೊಂದು ಬರೆದಿದ್ದರು. ಅದರ ಮುಂದೆ ಇಬ್ಬರೂ ಕುಳಿತು, ಯಾವುದಕ್ಕೆ ಏನು ಮಾಡುವುದೆಂದು ಮಾತಾಡುತ್ತಿದ್ದರು. ದಸ್ತಗೀರ ನನ್ನನ್ನು ನೋಡಿ, "ಭಾಳ ಉಪಕಾರ ಆತೋ, ಕೆಲಸ ಸುಸೂತ್ರ ಆತು" ಎಂದ. ಮನಸ್ಸಿನಿಂದಲೇ ಹೇಳಿದ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಕಾರಿನ ಮೈಯ ಅರ್ಧ ತಗಡು ಬಿಚ್ಚಿ ತೂಕ ಇಳಿಸಿದರು, ಹಿಂದಿನ ಸೀಟು ಕಿತ್ತು ಅಲ್ಲಿ ಬೆಂಕಿಯ ಗೂಡು ಕೂಡಿಸಿದರು, ಟ್ರ್ಯಾಕ್ಟರಿನ ರೇಡಿಯೇಟರ್ ತಂದು ಮುಂದೆ ಕಟ್ಟಿದರು.

ಮಹಾನವಮಿಯ ಖಂಡೇಪೂಜೆ ಪ್ರತಿವರ್ಷದಂತೆ ಇಬ್ಬರೂ ಕೂಡಿ ಮಾಡಿದೆವು. ನಟ್ಟು ಬಿಗಿಯುವ ಪಾನಾ, ಜಾಕು, ಸುತ್ತಿಗೆಗಳನ್ನೆಲ್ಲ ತೊಳೆದು ಸಾಲಾಗಿಟ್ಟು ಚೆಂಡುಹೂ ಏರಿಸಿದೆವು. ಸಂಜೆ ನಾನು ಹೆಂಡತಿ ಮಗಳನ್ನು ಕರೆದುಕೊಂಡು ರಾಮದುರ್ಗಕ್ಕೆ, ಅತ್ತೆಯ ಮನೆಗೆ ಹೋದೆ. ದಶಮಿ ಕಳೆದು ತಿರುಗಿ ಬಂದಾಗ ದಸ್ತಗೀರ ಬನ್ನಿ ಎಲೆ ಹಿಡಿದು ಗ್ಯಾರೇಜಿನ ಬಾಗಿಲಲ್ಲೇ ನಿಂತಿದ್ದ.

"ಬನ್ನಿ ತಗೋ ಶಿವೂ, ಬಂಗಾರದಂಗ ಇರೂಣು" ಎಂದು ಅಪ್ಪಿಕೊಂಡ. ಆಮೇಲೆ, "ನಿನ್ನೆ ಓಡಿತೋ" ಎಂದ.

"ಏನು?"

"ಇಂಜಿನ್. ದಿಂಡಿನ ಬೆಂಕಿ ಮ್ಯಾಲೆ. ಸದ್ದ ಇಲ್ಲ ನೋಡು, ಹೊಲಿಗಿ ಮಶೀನಿನಷ್ಟೂ ಇಲ್ಲ. ಬಾಯಾರು ಅತ್ತರೋ. ಕನ್ನಡಕ ತಗದು ಅತ್ತರು."

"ನನಗೊಂದು ಫೋನ್ ಮಾಡಬೇಕಿಲ್ಲೇನು?"

ಅವನು ಗಲಿಬಿಲಿಯಾದ. ಸುಳ್ಳು ಹೇಳುವ ಮನುಷ್ಯನಲ್ಲ. "ಹೊಳೀಲೇ ಇಲ್ಲೋ" ಎಂದ.

ಬೇಕೆಂದೇ ಕರೆಯದಿದ್ದರೆ ಜಗಳವಾಡಬಹುದಿತ್ತು. ಹೊಳೆಯಲೇ ಇಲ್ಲ ಎಂದವನ ಜೊತೆ ಏನು ಜಗಳ? ಕೈಯಲ್ಲಿದ್ದ ಬನ್ನಿಯನ್ನು ಕಿಸೆಗೆ ಹಾಕಿಕೊಂಡು ಒಳಗೆ ಹೋಗಿ, ಒಂದು ಟೆಂಪೋದ ಚಕ್ರ ಬಿಚ್ಚತೊಡಗಿದೆ. ಗಾಡಿಯ ಕೆಲಸಕ್ಕೆ ನಾನು ಕೈ ಹಾಕಿದ್ದು ಎಷ್ಟೋ ತಿಂಗಳ ಮೇಲೆ.

ದೀಪಾವಳಿ ಕಳೆದು ಮಳೆ ಹಿಂದಾಗಿ, ಗೋವಿನಜೋಳದ ರಾಶಿಗಳು ಮುಗಿದಿದ್ದವು. ದಿಂಡುಗಳ ಗುಡ್ಡೆ ಹೊಲಹೊಲದಲ್ಲಿ ಬಿದ್ದಿತ್ತು. ಕಾರನ್ನು ಓಡಿಸಲು ಕಾಲುವೆಯ ಪಕ್ಕದ ದಾರಿಯನ್ನು ಆರಿಸಿದರು. ಅಲ್ಲಿ ವಾಹನ ಕಡಿಮೆ, ದಾರಿ ಸಪಾಟು. ಬಾಯಾರು ಇಳಕಲ್ ಸೀರೆ ಉಟ್ಟು ಬಂದಿದ್ದರು. ಸ್ಟೇರಿಂಗ್ ಅವರದೇ. ದಸ್ತಗೀರ ಹಿಂದೆ ಬೆಂಕಿಯ ಗೂಡಿನ ಹತ್ತಿರ ದಿಂಡಿನ ಚೀಲ ಇಟ್ಟುಕೊಂಡು ಕುಳಿತ. ನನಗೂ ಒಂದು ಕೆಲಸ ಕೊಟ್ಟರು.

"ಶಿವಾನಂದ, ನೀ ಜೀಪ್ ತಗೊಂಡು ಹಿಂದ ಬಾ. ಹಗ್ಗ ಇರಲಿ."

ಬೆಂಕಿ ಹಾಕಿ, ಕಾಯ್ದು, ಇಂಜಿನ್ನಿನ ಚಕ್ರಕ್ಕೆ ಕೈಯಿಂದ ಒಂದು ತಳ್ಳು ಕೊಟ್ಟರು. ಇಂಜಿನ್ ತಿರುಗಿತು. ಬಾಯಾರು ಕ್ಲಚ್ ಬಿಟ್ಟರು. ಕಾರು ಹೊರಟಿತು. ನಿಜವಾಗಿಯೂ ಹೊರಟಿತು. ಬಿರುಸಾಗಿ ನಡೆಯುವ ಮನುಷ್ಯನಷ್ಟು ವೇಗ. ಮಣ್ಣಿನ ಮೇಲೆ ಟೈರು ಉರುಳುವ ಸದ್ದು, ಕಾಲುವೆಯ ನೀರಿನ ಸದ್ದು, ಹಿಂದೆ ನನ್ನ ಜೀಪಿನ ಗುಡುಗು. ನನ್ನ ಜೀಪಿನ ಸದ್ದಿಗೇ ನನಗೆ ನಾಚಿಕೆಯಾಯಿತು. ಹೊಲದಲ್ಲಿ ಕಡಲೆ ಬಿತ್ತುತ್ತಿದ್ದವರು ಕೂರಿಗೆ ನಿಲ್ಲಿಸಿ ನೋಡಿದರು. ಒಬ್ಬ ಮುದುಕ, "ಬಾಯಾರ, ಯಾರರ ದೂಡಾಕತ್ತಾರೇನ್ರಿ?" ಎಂದು ಕೂಗಿ ಕೇಳಿದ. ಬಾಯಾರು ಕೈಯೆತ್ತಿ, "ಗಾಳಿ ದೂಡಾಕತ್ತೈತಿ" ಎಂದರು. ಅವರ ಮುಖ ಹಿಂದಿನಿಂದ ಕಾಣುತ್ತಿರಲಿಲ್ಲ. ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ನಾನು ಆ ಕಾರಿನಲ್ಲಿ ಇರಬೇಕಿತ್ತು. ಬೆಂಕಿಗೆ ದಿಂಡು ಹಾಕುವ ಕೆಲಸವಾದರೂ ಸಾಕಿತ್ತು.

ಮುಂದೆ ಕಾಲುವೆಗೆ ಸೇತುವೆ, ಸೇತುವೆಗೊಂದು ಸಣ್ಣ ಏರು. ಏರು ಕಂಡ ಕೂಡಲೇ ದಸ್ತಗೀರ ಗೂಡಿಗೆ ದಿಂಡು ಸುರಿದ. ಆದರೆ ಬೆಂಕಿ ಏಳಲು ಹೊತ್ತು ಬೇಕು. ಅದು ಏಳುವಷ್ಟರಲ್ಲಿ ಕಾರು ಏರಿನ ನಡುವೆ ಉಸಿರು ಬಿಟ್ಟು ನಿಂತಿತು. ಬಾಯಾರು ಬ್ರೇಕು ಒತ್ತಿ, ಕ್ಲಚ್ ಹಿಡಿದು, ಮತ್ತೆ ಇಂಜಿನ್ನಿನ ಚಕ್ರ ತಳ್ಳಿಸಿದರು. ಆಗ ಬೆಂಕಿ ಎದ್ದಿತು. ನಿಂತ ಕಾರಿನಲ್ಲಿ ಇಂಜಿನ್ ಹುಚ್ಚೆದ್ದು ತಿರುಗತೊಡಗಿತು, ಅದರ ವೇಗ ಇಳಿಸಲು ಬರುವಂತಿರಲಿಲ್ಲ. ಒಂದು ಸೀಲು ಹರಿದು ಒಳಗಿನ ಗಾಳಿಯೆಲ್ಲ ಬುಸ್ಸೆಂದು ಹೊರಬಿತ್ತು. ಅಲ್ಲಿಗೆ ಎಲ್ಲ ತಣ್ಣಗಾಯಿತು.

ನಾನು ಹಗ್ಗ ಹಿಡಿದು ಇಳಿದೆ.

ಊರಿಗೆ ಎಳೆದುಕೊಂಡು ಬರುವಾಗ ಕನ್ನಡಿಯಲ್ಲಿ ನೋಡುತ್ತಿದ್ದೆ. ಬಾಯಾರು ಸ್ಟೇರಿಂಗ್ ಹಿಡಿದಿದ್ದರು, ದಸ್ತಗೀರ ಈಗ ಮುಂದೆ ಬಂದು ಪಕ್ಕದಲ್ಲಿ ಕುಳಿತಿದ್ದ. ಸೋತವರ ಮುಖ ನೋಡಬೇಕೆಂದು ನೋಡಿದ್ದೆ. ಇಬ್ಬರೂ ಒಂದೇ ಸಮನೆ ಮಾತಾಡುತ್ತಿದ್ದರು. ಅವನು ಕೈಯಲ್ಲಿ ಏನೋ ಆಕಾರ ಮಾಡಿ ತೋರಿಸಿದ, ಅವರು ತಲೆ ಹಿಂದೆ ಹಾಕಿ ನಕ್ಕರು. ನಾನು ಒಬ್ಬನೇ ಮುಂದೆ ಕುಳಿತು ಅವರ ಸಂತೋಷವನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದೆ.

ಗ್ಯಾರೇಜಿಗೆ ಬಂದು ಇಳಿದ ಮೇಲೆ ಬಾಯಾರು ನನ್ನ ಹತ್ತಿರ ಬಂದರು. "ಶಿವಾನಂದ, ನೀ ಅಂದದ್ದ ಖರೆ ಆತು. ಇದು ಕಾರಿಗೆ ಒಗ್ಗೂದಿಲ್ಲ. ಕಾರ್ ಅಂದ್ರ ಗಳಿಗಿಗೊಂದು ಬುದ್ಧಿ. ನಿಲ್ಲು, ಓಡು, ಏರು, ಇಳಿ. ಈ ಇಂಜಿನ್ನಿಗೆ ಇರೂದು ಒಂದ ಬುದ್ಧಿ. ಒಮ್ಮಿ ಹತ್ತಿತು ಅಂದ್ರ ಹಂಗ ತಿರಗತಿರಬೇಕು."

ಶ್ರಾವಣದಿಂದ ನಾನು ಕಾದದ್ದು ಈ ಮಾತಿಗೇ. ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ದಸ್ತಗೀರ, "ಹಂಗಾರ ಒಂದ ಬುದ್ಧಿ ಸಾಕಾಗೂ ಜಾಗಾದಾಗ ಇಡೂಣ್ರಿ ಬಾಯಾರ" ಎಂದ. "ಬೆಲ್ಲದ ಗಾಣದಾಗ ಮುಂಜಾನಿಂದ ಸಂಜಿ ತನಕ ಒಲಿ ಉರೀತಿರತೈತಿ. ಆ ಬಿಸಿ ಎಲ್ಲಾ ಚಿಮಣಿಯಾಗ ಹಾರಿ ಹೋಗತೈತಿ." ಬಾಯಾರು ಅವನ ಕಡೆ ತಿರುಗಿದರು. ನಾನು ಖರೆ ಆಗಿದ್ದದ್ದು ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು.

ಚಳಿಗಾಲ ಮುಗಿಯುವ ಮೊದಲು ದಸ್ತಗೀರ ಹೊರಟು ನಿಂತ. ರಾಮದುರ್ಗದ ಕಡೆ ತೊರಗಲ್ಲಿನ ಹತ್ತಿರ ಗಾಣ ನಡೆಸುವವರೊಬ್ಬರು ಜಾಗ ಕೊಡುತ್ತೇನೆ, ಇಂಜಿನ್ ಕೂಡಿಸು ಎಂದಿದ್ದರು. ಅವನು ತನ್ನ ಸಾಮಾನು ಟೆಂಪೋಕ್ಕೆ ಏರಿಸುವಾಗ ನಾನು ನೋಡುತ್ತ ನಿಂತಿದ್ದೆ.

"ಬಿಟ್ಟ ಹೊಂಟಿ ಅನ್ನು."

"ಬಿಟ್ಟ ಎಲ್ಲಿ ಹೊಂಟೇನೋ. ರಾಮದುರ್ಗ ಏನು ದೂರ? ನೀನೂ ಬಾ."

"ನಾ ಬಂದು ಏನ್ ಮಾಡ್ಲಿ?"

ಅವನು ಯೋಚಿಸಿದ. ಸುಮ್ಮನೆ ಬಾಯಿಮಾತಿಗೆ ಏನಾದರೂ ಅಂದಿದ್ದರೆ ಆಗುತ್ತಿತ್ತು. ಅವನು ನಿಜವಾಗಿಯೂ ಯೋಚಿಸುತ್ತ ನಿಂತ.

"ಗಿರಾಕಿಗೋಳ ಜೋಡಿ ಮಾತಾಡ್ತಿಯಲ್ಲ" ಎಂದ ಕೊನೆಗೆ.

"ಒಲಿ ಮುಂದ ಗಿರಾಕಿ ಎಲ್ಲಿ ಅದಾರ?"

ಇಬ್ಬರೂ ನಕ್ಕೆವು. ಅವನು ಹೋದ.

ಹೋದ ಚಳಿಗಾಲದಲ್ಲಿ ಅತ್ತೆಯ ಮನೆಗೆ ಹೋಗುವ ದಾರಿಯಲ್ಲಿ ತೊರಗಲ್ಲಿನ ಕಡೆ ಗಾಡಿ ತಿರುಗಿಸಿದೆ. ಕಬ್ಬಿನ ಹೊಲಗಳ ನಡುವೆ ಗಾಣ. ದೊಡ್ಡ ಕಡಾಯಿಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಚಿಮಣಿಯ ಬುಡದಲ್ಲಿ ಇಂಜಿನ್ ತಿರುಗುತ್ತಿತ್ತು. ಅದರಿಂದ ಒಲೆಗೆ ಗಾಳಿ ಊದುವ ಫ್ಯಾನು ನಡೆಯುತ್ತಿತ್ತು, ಬ್ಯಾಟರಿ ತುಂಬುತ್ತಿತ್ತು, ಗುಡಿಸಲಿನಲ್ಲಿ ದೀಪ ಉರಿಯುತ್ತಿತ್ತು. ಎಲ್ಲ ಸದ್ದಿಲ್ಲದೆ. ಬಾಯಾರು ವಾರಕ್ಕೊಮ್ಮೆ ಬಸ್ಸಿಗೆ ಬಂದು ನೋಡಿ ಹೋಗುತ್ತಾರಂತೆ. ದಸ್ತಗೀರ ಫ್ಯಾನಿನ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ. ಅಲ್ಲಿಂದಲೇ, "ಬಾರೋ ಶಿವೂ, ಬಂದೆ ತಡಿ" ಎಂದ.

ಅವನ ಪಕ್ಕದಲ್ಲಿ ನಮ್ಮ ವಯಸ್ಸಿನವನೇ ಒಬ್ಬ ಕುಳಿತಿದ್ದ. ದಸ್ತಗೀರ ಕೆಳಗಿನಿಂದ ಬರಿಗೈ ಚಾಚಿದ, ಏನೂ ಕೇಳಲಿಲ್ಲ. ಆ ಮನುಷ್ಯ ಮುಂದಿದ್ದ ಅಷ್ಟು ಪಾನಾಗಳಲ್ಲಿ ಒಂದನ್ನು ಆರಿಸಿ ಆ ಕೈಯಲ್ಲಿಟ್ಟ. ಅದು ಸರಿಯಾದ ಪಾನಾ. ಕೈ ಒಳಗೆ ಹೋಯಿತು.

"ಇಂವ ಈರಪ್ಪ" ಎಂದ ದಸ್ತಗೀರ ಒಳಗಿನಿಂದ. "ನನ್ನ ಜೋಡಿ ಅದಾನ. ಭಾಳ ಛಲೋ ಮನಿಶ್ಯಾ."

ಈರಪ್ಪ ಎದ್ದು ನಮಸ್ಕಾರ ಮಾಡಿ, ಕಬ್ಬಿನ ಗರಿಯ ಮೇಲೆ ಬಿಸಿ ಬೆಲ್ಲ ತಂದುಕೊಟ್ಟ. ನಾಲಿಗೆಯ ಮೇಲೆ ಇಟ್ಟೆ. ಅಷ್ಟು ರುಚಿಯ ಬೆಲ್ಲವನ್ನು ನಾನು ಜನ್ಮದಲ್ಲಿ ತಿಂದಿಲ್ಲ.

"ಸ್ವಲ್ಪ ಉಪ್ಪ ಉಪ್ಪ ಆಗೇತಲ್ರಿ" ಎಂದೆ.

ಈರಪ್ಪನ ಮುಖ ಸಣ್ಣದಾಯಿತು. ಕಡಾಯಿಯ ಕಡೆ ನೋಡಿದ. ಫ್ಯಾನಿನ ಕೆಳಗಿನಿಂದ ದಸ್ತಗೀರನ ನಗು ಕೇಳಿಸಿತು.

"ಈರಪ್ಪಾ, ಅಂವಗ ಇನ್ನೊಂದಿಷ್ಟು ಹಾಕು" ಎಂದ. "ಎಲ್ಲಾ ತಿಂತಾನ."

ಈರಪ್ಪ ಹಾಕಿದ. ನಾನು ಎಲ್ಲ ತಿಂದೆ.